ನಾಶ ಆಗಲ್ಲ ಅಂದ್ಮೇಲೆ ಕರೆಂಟ್ ಯಾಕ್ ಉಳಿಸ್ಬೇಕು ಸಾ? ಒಂಬತ್ತನೇ ಕ್ಲಾಸಿನ ಒಂದು ಪ್ರಕರಣ

ಇದು ನನ್ನದೇ ಕ್ಲಾಸಿನ ಕಥೆ. ತುಮಕೂರು ಜಿಲ್ಲೆಯ ಬಯಲುಸೀಮೆ ಕಡೆಯ ಒಂದು ಸರ್ಕಾರಿ ಹೈಸ್ಕೂಲು ಅಂತ ಅಷ್ಟೇ ಇಟ್ಕೊಳ್ಳಿ. ಊರಿನ ಹೆಸರು ಹಾಕಲ್ಲ, ಮಕ್ಕಳ ಹೆಸರಂತೂ ಇಲ್ಲವೇ ಇಲ್ಲ, ಒಂದೆರಡು ಗುರುತು ಸಿಗೋ ವಿವರನ ಬೇಕಂತಲೇ ಬದಲಾಯಿಸಿದೀನಿ. ಸೈನ್ಸ್ ಪಾಠ ಮಾಡೋ ಬೇರೆ ಮೇಷ್ಟ್ರು, ಮೇಡಂಗಳಿಗೆ ಏನಾದ್ರೂ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಅದರಲ್ಲೂ ನಾನು ಎಲ್ಲಿ ಎಡವಿದೆ ಅನ್ನೋದು.

ಹಿನ್ನೆಲೆ

ಕ್ಲಾಸಲ್ಲಿ ಮೂವತ್ತು ಚಿಲ್ಲರೆ ಮಕ್ಕಳು. ಹೆಚ್ಚಿನವರದ್ದು ರಾಗಿ, ಕಡ್ಲೆಕಾಯಿ ಬೆಳೆಯೋ ಮನೆ, ನಾಕೈದು ಜನರ ನೆಂಟರು ಪಾವಗಡದ ಕಡೆ ಸೋಲಾರ್ ಪಾರ್ಕಿಗೆ ಜಮೀನು ಲೀಸಿಗೆ ಕೊಟ್ಟಿದ್ದಾರೆ. ‘ಕೆಲಸ ಮತ್ತು ಶಕ್ತಿ’ ಪಾಠನ ನಾನು ಎಷ್ಟೋ ವರ್ಷದಿಂದ ಒಂದೇ ಥರ ಮಾಡ್ಕೊಂಡ್ ಬಂದಿದ್ದೆ. ಬೋರ್ಡ್ ಮೇಲೆ ಬಾಣ ಹಾಕೋದು, ಬ್ಯಾಟರಿಲಿ ರಾಸಾಯನಿಕ ಶಕ್ತಿ, ಅಲ್ಲಿಂದ ಬಾಣ, ವಿದ್ಯುತ್ ಶಕ್ತಿ, ಅಲ್ಲಿಂದ ಬಾಣ, ಬೆಳಕಿನ ಶಕ್ತಿ, ಹಿಂಗೇ. ಕೊನೆಗೆ ಶಕ್ತಿ ಸಂರಕ್ಷಣಾ ನಿಯಮ, ಸೃಷ್ಟಿಸಲೂ ಆಗಲ್ಲ ನಾಶಪಡಿಸಲೂ ಆಗಲ್ಲ, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತೆ. ಮಕ್ಕಳು ಬಾಯಿಪಾಠ ಮಾಡಿ ಅಚ್ಚುಕಟ್ಟಾಗಿ ಬರೀತಿದ್ರು, ನಾನೂ ಮಾರ್ಕ್ಸ್ ಹಾಕ್ತಿದ್ದೆ, ಎಲ್ಲಾ ಚೆನ್ನಾಗಿತ್ತು.

ಕೆಟ್ಟಿದ್ದು ಒಂದು ಯೂನಿಟ್ ಟೆಸ್ಟ್ ಪೇಪರ್ ವಾಪಸ್ ಕೊಡೋ ದಿನ. ಮೂರನೇ ಬೆಂಚಲ್ಲಿ ಕೂರೋ ಒಬ್ಬ ಹುಡುಗಿ, ಹೆಚ್ಚು ಮಾತಾಡೋಳಲ್ಲ, ಪೇಪರ್ ಹಿಡ್ಕೊಂಡು ಎದ್ದು ನಿಂತಳು. ಒಂದೇ ಪುಟದಲ್ಲಿ ಎರಡು ಪ್ರಶ್ನೆ ಇತ್ತು, ಮೇಲೆ ಸಂರಕ್ಷಣಾ ನಿಯಮ ತಿಳಿಸಿ, ಕೆಳಗೆ ಮನೆಯಲ್ಲಿ ವಿದ್ಯುತ್ ಉಳಿಸುವ ಮೂರು ಕ್ರಮ ಬರೆಯಿರಿ. ಎರಡಕ್ಕೂ ಅವಳಿಗೆ ಫುಲ್ ಮಾರ್ಕ್ಸ್ ಬಿದ್ದಿತ್ತು.

“ಸಾ, ನಾಶ ಆಗಲ್ಲ ಅಂದ್ಮೇಲೆ ಯಾಕ್ ಉಳಿಸ್ಬೇಕು?”

ಕ್ಲಾಸೆಲ್ಲ ನಕ್ಕಿತು. ಹಿಂದಿನ ಬೆಂಚಿಂದ ಒಬ್ಬ, “ಗೃಹಜ್ಯೋತಿ ಐತಲ್ಲ, ಬಿಲ್ಲೇ ಬರಲ್ಲ ಬಿಡೆ” ಅಂದ. ನಾನೇನು ಮಾಡ್ದೆ ಅಂದ್ರೆ, “ಅದು ಬೇರೆ, ಇದು ಬೇರೆ, ಕೂತ್ಕೊಳಮ್ಮ” ಅಂದೆ. ಹೌದು, ಅಷ್ಟೇ ಅಂದಿದ್ದು. ಅವಳು ಕೂತಳು. ಸ್ಟಾಫ್ ರೂಮಿಗೆ ಬಂದು ಟೀ ಕುಡೀವಾಗ ಹೊಳೀತು, ಅವಳು ಕೇಳಿದ್ದು ಬೇರೆ ಬೇರೆ ಅಲ್ಲ, ಎರಡೂ ಒಂದೇ, ಮತ್ತೆ ನನ್ನ ಹತ್ರ ಒಂದು ವಾಕ್ಯದ ಉತ್ತರ ಇಲ್ಲ.

ತಿಳಿದಿರೋದು ಎಷ್ಟು ಅಂತ ನೋಡಿದ್ದು

ಮಾರನೇ ದಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ, ಹೆಸರು ಬರೀಬೇಡಿ ಅಂದೆ. ಒಂದೇ ಪ್ರಶ್ನೆ: ತಿರುಗ್ತಿದ್ದ ಫ್ಯಾನ್ ಆಫ್ ಮಾಡಿದ್ರಿ, ರೆಕ್ಕೆ ನಿಂತೋಯ್ತು, ರೆಕ್ಕೆಲಿದ್ದ ಶಕ್ತಿ ಈಗ ಎಲ್ಲಿದೆ? ಹಿಂದಿನ ವಾರ ನಿಯಮನ ತಪ್ಪಿಲ್ಲದೆ ಬರೆದ ಮಕ್ಕಳೇ, ಅರ್ಧಕ್ಕಿಂತ ಹೆಚ್ಚು ಜನ, ‘ಮುಗಿದುಹೋಯಿತು’ ಅಂತ ಬರೆದಿದ್ರು. ಕೆಲವರು ‘ವೈರ್ ಒಳಗೆ ವಾಪಸ್ ಹೋಯಿತು’. ಒಬ್ಬ ‘ಸ್ವಿಚ್‌ನಲ್ಲಿ ಇರುತ್ತೆ’. ಗಾಳಿ ಅಥವಾ ಬೇರಿಂಗ್ ಬಿಸಿ ಅಂತ ಬರೆದಿದ್ದು ಮೂರೋ ನಾಕೋ ಚೀಟಿ.

ಅಂದ್ರೆ ನಿಯಮ ಪರೀಕ್ಷೆಗೆ, ‘ಮುಗಿದುಹೋಯ್ತು’ ಬದುಕಿಗೆ. ಎರಡೂ ಒಂದೇ ತಲೇಲಿ ಜಗಳ ಇಲ್ಲದೆ ಇದ್ವು. ಇದರಲ್ಲಿ ಮಕ್ಕಳ ತಪ್ಪಿಗಿಂತ ನನ್ನ ಬಾಣಗಳ ತಪ್ಪೇ ಜಾಸ್ತಿ ಅಂತ ನನ್ನ ಅನಿಸಿಕೆ, ಯಾಕಂದ್ರೆ ನಾನು ಹಾಕೋ ಬಾಣ ಯಾವಾಗ್ಲೂ ಬೆಳಕು, ಶಬ್ದ ಅಂತ ನಿಂತುಬಿಡೋದು, ಬೆಳಕು ಗೋಡೆಗೆ ಬಡಿದ ಮೇಲೆ ಏನಾಯ್ತು ಅಂತ ನಾನು ಒಂದು ದಿನಾನೂ ಮುಂದಕ್ಕೆ ಬಾಣ ಎಳೆದಿಲ್ಲ.

ಮಾಡಿ ನೋಡಿದ್ದು

ಮೊದಲನೇದು ಸೋತಿತು. ಬಾಟಲಿಗೆ ಮರಳು ತುಂಬಿ ಚಾವಣಿ ಕೊಕ್ಕೆಗೆ ಹಗ್ಗ ಕಟ್ಟಿ, ಮೂಗಿನ ತುದೀಲಿ ಹಿಡಿದು ಬಿಟ್ಟು ಅಲ್ಲಾಡದೆ ನಿಲ್ಲೋ ಆಟ ಇದೆಯಲ್ಲ, ಅದನ್ನ ಮಾಡ್ದೆ. ವಾಪಸ್ ಬಂದ ಬಾಟಲಿ ಮೂಗಿಗೆ ತಾಗಲ್ಲ, ಮಕ್ಕಳು ಕಿರುಚಿದ್ರು, ಮಜಾ ಬಂತು. ಆದ್ರೆ ಪಾಠ ಮುಗಿಯೋ ಹೊತ್ತಿಗೆ ಬಾಟಲಿ ನಿಂತೇಹೋಗಿತ್ತು. “ನೋಡಿ ಸಾ ಮುಗ್ದೋಯ್ತು” ಅಂತ ಅವರೇ ತೋರಿಸಿದ್ರು. ಶಕ್ತಿ ಉಳಿಯುತ್ತೆ ಅಂತ ತೋರಿಸೋಕೆ ಹೋಗಿ ಶಕ್ತಿ ಸಾಯೋದನ್ನ ಲೈವ್ ಆಗಿ ತೋರಿಸಿದಂಗಾಯ್ತು. ಬೇರೆಯವರು ಈ ಆಟನ ಸಂರಕ್ಷಣೆಗೆ ಸಾಕ್ಷಿ ಅಂತ ಮೊದಲಿಗೇ ಇಡಬೇಡಿ, ಕಣ್ಣಿಗೆ ಕಾಣೋದು ಉಲ್ಟಾ.

ಎರಡನೇದಕ್ಕೆ ಒಂದು ಮೀಟರ್ ಪಿವಿಸಿ ಪೈಪು, ಎರಡು ಕಡೆಗೆ ಎಂಡ್ ಕ್ಯಾಪು, ಒಳಗೆ ಸೈಕಲ್ ಶಾಪಿಂದ ತಂದ ಅರ್ಧ ಕೆಜಿ ಸ್ಟೀಲ್ ಬಾಲ್ಸು. ಪೈಪನ್ನ ನೆಟ್ಟಗೆ ಹಿಡಿದು ತಲೆಕೆಳಗು ಮಾಡಿದ್ರೆ ಬಾಲ್ಸೆಲ್ಲ ಮೇಲಿಂದ ಕೆಳಕ್ಕೆ ‘ಝರ್’ ಅಂತ ಬೀಳ್ತವೆ. ನೂರು ಸಲ ಹಂಗೆ ಮಾಡೋದು. ಲೆಕ್ಕ ಸರಳ, ಪ್ರತಿ ಸಲ ಹತ್ರ ಹತ್ರ 0.9 ಮೀಟರ್ ಬೀಳುತ್ತೆ, ಒಂದು ಕೆಜಿಗೆ ಸುಮಾರು 8.8 ಜೂಲ್ (ಶಕ್ತಿ ಅಳೆಯೋ ಮಾನ), ನೂರು ಸಲಕ್ಕೆ 880, ಒಂದು ಕೆಜಿ ಸ್ಟೀಲ್ ಒಂದು ಡಿಗ್ರಿ ಬಿಸಿ ಆಗೋಕೆ 460 ಜೂಲ್ ಹತ್ರ ಬೇಕು, ಅಂದ್ರೆ ಎರಡು ಡಿಗ್ರಿಗೆ ಸ್ವಲ್ಪ ಕಮ್ಮಿ ಏರಬೇಕು. ಏರಿದ್ದು ಒಂದೂವರೆ. ನಾನು ಖುಷಿಯಾಗಿ ಬೋರ್ಡ್ ಕಡೆ ತಿರುಗೋಷ್ಟರಲ್ಲಿ ಅದೇ ಮೂರನೇ ಬೆಂಚು: “ಕೈ ಬಿಸಿನೂ ಇರ್ತದಲ್ವ ಸಾ?”

ಸರಿ, ಇನ್ನೊಂದ್ ಸಲ, ಅಷ್ಟೇ ಹೊತ್ತು, ಅದೇ ಹುಡುಗ ಅದೇ ಥರ ಪೈಪ್ ಹಿಡ್ಕೊಂಡು ಸುಮ್ನೆ ನಿಂತ, ತಿರುಗಿಸಲಿಲ್ಲ. ಅರ್ಧ ಡಿಗ್ರಿ ಏರಿತು. ಹಂಗಾದ್ರೆ ಬೀಳೋದರಿಂದ ಬಂದಿದ್ದು ಒಂದು ಡಿಗ್ರಿ, ಉಳಿದಿದ್ದು ಪೈಪಿಗೆ, ಗಾಳಿಗೆ. ಮ್ಯಾಂಚೆಸ್ಟರಿನ ಬ್ರೂವರಿ ಮನೆತನದ ಜೂಲ್ 1840ರ ದಶಕದಲ್ಲಿ ತೂಕ ಇಳಿಬಿಟ್ಟು ನೀರಲ್ಲಿ ರೆಕ್ಕೆ ತಿರುಗಿಸಿ ಇದನ್ನೇ ತಾನೇ ಅಳೆದಿದ್ದು, ಅವನಿಗೂ ಏರಿಕೆ ಒಂದು ಡಿಗ್ರಿ ದಾಟ್ತಿರಲಿಲ್ಲ, ಹೊರಗಿನ ಬಿಸಿ ಒಳಕ್ಕೆ ಬಂತಾ ಅನ್ನೋದೇ ಅವನಿಗೂ ತಲೆನೋವು. ಇದನ್ನ ಹೇಳಿದಾಗ ಆ ಹುಡುಗಿ ಮೊದಲ ಸಲ ನಕ್ಕಿದ್ದು ನೋಡ್ದೆ.

ಈ ಪ್ರಯೋಗದಿಂದ ‘ಮುಗಿದುಹೋಯ್ತು’ ಸ್ವಲ್ಪ ಅಲ್ಲಾಡಿತು. ಆದ್ರೆ ಅವಳ ಮೂಲ ಪ್ರಶ್ನೆ ಇನ್ನೂ ಗಟ್ಟಿ ಆಯ್ತು ಅಷ್ಟೇ. ನಿಜವಾಗ್ಲೂ ಎಲ್ಲೂ ಹೋಗಲ್ಲ ಅಂತಾದ್ರೆ, ಮತ್ಯಾಕ್ ಉಳಿಸೋದು?

ಮೀಟರ್ ಬಾಕ್ಸಿನ ಕೆಂಪು ಲೈಟು

ಹೆಡ್ ಮೇಷ್ಟ್ರ ಹತ್ರ ಅರ್ಧ ಗಂಟೆ ಕೇಳ್ಕೊಂಡೆ: ಕಂಪ್ಯೂಟರ್ ರೂಮು, ಫ್ಯಾನು, ಮೋಟ್ರು ಎಲ್ಲಾ ಆಫ್, ಅವರ ರೂಮಿನ ಫ್ಯಾನೂ ಸೇರಿ. ನಮ್ಮ ಶಾಲೆ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಇಂಪಲ್ಸ್ ಅಂತ ಬರೆದಿದೆ, ಅಂದ್ರೆ ಆ ಪುಟ್ಟ ಕೆಂಪು ಲೈಟು 3200 ಸಲ ಮಿಣುಕಿದ್ರೆ ಒಂದು ಯೂನಿಟ್. ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್. ಭಾಗಿಸಿದ್ರೆ ಒಂದು ಮಿಣುಕಿಗೆ 1125 ಜೂಲ್. ದಿನಾ ಅದರ ಪಕ್ಕದಲ್ಲೇ ಚಪ್ಪಲಿ ಬಿಡೋ ಮಕ್ಕಳು, ಒಬ್ಬರೂ ಅದನ್ನ ಎಣಿಸಬಹುದು ಅಂತ ಅಂದ್ಕೊಂಡಿರಲಿಲ್ಲ. ನಾನೂ ಅಂದ್ಕೊಂಡಿರಲಿಲ್ಲ ಅನ್ನಿ. ನಿಮ್ಮ ಮೀಟರಲ್ಲಿ ಸಂಖ್ಯೆ ಬೇರೆ ಇರಬಹುದು, ನೋಡಿ ಲೆಕ್ಕ ಹಾಕ್ಕೊಳ್ಳಿ.

ಡೈರಿಗೆ ಹಾಲು ಹಾಕೋ ಅಲ್ಯೂಮಿನಿಯಂ ಕ್ಯಾನಲ್ಲಿ ಎರಡು ಲೀಟರ್ ನೀರು, ಒಳಗೆ 1000 ವ್ಯಾಟ್ ಕಾಯಿಲ್. ಕಾಯಿಲ್ ಕೆಲಸ ಪೂರ್ತಿ ನಂದೇ, ಮಕ್ಕಳು ಮಾರು ದೂರ, ಥರ್ಮಾಮೀಟರ್ ಇಡೋದು ಪ್ಲಗ್ ಕಿತ್ತ ಮೇಲೇನೆ, ಈ ವಿಷಯದಲ್ಲಿ ಸಲಿಗೆ ಬೇಡ. ನಾಕು ಜನ ಮೀಟರ್ ಹತ್ರ ಮಿಣುಕು ಎಣಿಸೋಕೆ, ಇಬ್ಬರು ಟೈಮ್ ನೋಡೋಕೆ.

ನೀರು 26 ಡಿಗ್ರಿಯಿಂದ 66ಕ್ಕೆ ಬಂತು. ಎಂಟು ನಿಮಿಷಕ್ಕೆ ಮೂರು ಸೆಕೆಂಡ್ ಕಮ್ಮಿ. ಮಿಣುಕು 352.

ಈಗ ಮೂರು ಲೆಕ್ಕ ಬಂತು, ಮೂರೂ ಬೇರೆ ಬೇರೆ. ಕಾಯಿಲ್ ಮೇಲೆ ಬರೆದಿರೋ 1000 ವ್ಯಾಟ್ ನಂಬಿದ್ರೆ 4 ಲಕ್ಷ 77 ಸಾವಿರ ಜೂಲ್. ಮೀಟರ್ ಪ್ರಕಾರ 3 ಲಕ್ಷ 96 ಸಾವಿರ. ನೀರಿಗೆ ಸೇರಿದ್ದು 3 ಲಕ್ಷ 36 ಸಾವಿರ. ಕ್ಲಾಸಲ್ಲಿ ದೊಡ್ಡ ಜಗಳ, ಒಂದು ಗುಂಪು ಮೀಟರ್ ಸುಳ್ಳು ಅಂತ, ಇನ್ನೊಂದು ಗುಂಪು ಕಾಯಿಲ್ ಕಂಪನಿ ಮೋಸ ಅಂತ. ನಿಜ ಏನಪ್ಪ ಅಂದ್ರೆ ಆ 1000 ವ್ಯಾಟ್ ಅನ್ನೋದು 230 ವೋಲ್ಟ್ ಇದ್ರೆ, ನಮ್ಮೂರಲ್ಲಿ ಮಧ್ಯಾಹ್ನ ಪಂಪ್‌ಸೆಟ್ ಓಡೋವಾಗ 210 ಇದ್ರೆ ಪುಣ್ಯ, ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದ್ರೆ ಕಾಯಿಲ್ ಎಳ್ಕೊಳ್ಳೋ ಪವರ್ ಹೆಚ್ಚೂಕಮ್ಮಿ ಇಪ್ಪತ್ತು ಪರ್ಸೆಂಟ್ ಇಳಿಯುತ್ತೆ. ಹಂಗಾಗಿ ಕಾಯಿಲ್ ಲೆಕ್ಕ ಬಿಟ್ಟಾಕಿ.

ಉಳಿದಿದ್ದು 60 ಸಾವಿರ ಜೂಲ್. ನಾನು ಇಲ್ಲಿ ಒಂದು ತೀರ್ಮಾನ ಮಾಡ್ದೆ, ‘ಉಷ್ಣ ನಷ್ಟ’ ಅನ್ನೋ ಪದನೇ ಬಳಸಬಾರದು ಅಂತ. ನಷ್ಟ ಅಂದ ತಕ್ಷಣ ಮಕ್ಕಳ ಕಿವಿಗೆ ಅದು ಮತ್ತೆ ‘ಮುಗಿದುಹೋಯ್ತು’. ಬದಲಿಗೆ ‘ಕಳ್ಳ ಎಲ್ಲಿದಾನೆ ಹುಡುಕಿ’ ಅಂದೆ. ಕ್ಯಾನ್ ತೂಕ ಅರ್ಧ ಕೆಜಿ, ಅದೂ ನೀರಿನ ಜೊತೆ 40 ಡಿಗ್ರಿ ಬಿಸಿ ಆಯ್ತು, ಅದಕ್ಕೆ 18 ಸಾವಿರ. ಮಿಕ್ಕಿದ್ದು ಕಾಯಿಲ್‌ಗೆ, ಆವಿಗೆ, ಗಾಳಿಗೆ, ಬೆಂಚಿಗೆ. ಕ್ಯಾನ್ ಎತ್ತಿದ ಮೇಲೆ ಬೆಂಚಿನ ಮರ ಬೆಚ್ಚಗಿತ್ತು, ಒಬ್ಬೊಬ್ಬರೇ ಬಂದು ಅಂಗೈ ಇಟ್ಟು ನೋಡಿದ್ರು.

ತಿರುವು ಬಂದಿದ್ದು ಮಾರನೇ ದಿನ. ಕ್ಯಾನಿನ ನೀರು ತಣ್ಣಗಾಗಿ 26ಕ್ಕೇ ಬಂದಿತ್ತು. ನಾನು ಕೇಳ್ದೆ, ನೆನ್ನೆಯ ಅಷ್ಟೂ 3 ಲಕ್ಷ 96 ಸಾವಿರ ಈಗ ಎಲ್ಲಿದೆ? “ರೂಮಲ್ಲಿ” ಅಂದ್ರು. ಬಾಗ್ಲು ಕಿಟಕಿ ಎಲ್ಲಾ ಭದ್ರವಾಗಿ ಮುಚ್ಚಿ, ಗೋಡೆನೂ ಏನೂ ಹೀರ್ಕೊಳ್ಳಲ್ಲ ಅಂತ ಇಟ್ಕೊಂಡ್ರೂ, ನಮ್ಮ ರೂಮಿನ ಗಾಳಿ ತೂಕ 170 ಕೆಜಿ ಹತ್ರ ಬರುತ್ತೆ (ಗಾಳಿಗೆ ತೂಕ ಇದೆ ಅನ್ನೋದಕ್ಕೇ ಹತ್ತು ನಿಮಿಷ ಹೋಯ್ತು), ಏರಿಕೆ ಬರೀ ಎರಡೂಕಾಲು ಡಿಗ್ರಿ. “ಅದರಲ್ಲಿ ಮತ್ತೆ ಎರಡು ಲೀಟರ್ ನೀರು ಕಾಯಿಸ್ತೀರಾ?” ಅಂದೆ.

ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿಂದ, ಅದೇ ಗೃಹಜ್ಯೋತಿ ಹುಡುಗ: “ಸಾ, ನಮ್ಮಪ್ಪ ಟಿವಿಎಸ್ ಎಕ್ಸೆಲ್ಲಲ್ಲಿ ರಾಗಿ ಮೂಟೆ ತರ್ತಿದ್ದಾಗ ಮೂಟೆ ಹರ್ದು ದಾರಿ ಉದ್ದಕ್ಕೂ ಚೆಲ್ಲೋಗಿತ್ತು. ರಾಗಿ ಅಷ್ಟೂ ಐತೆ ಸಾ. ಮುದ್ದೆ ಮಾತ್ರ ಆಗಲ್ಲ.”

ಮೂರನೇ ಬೆಂಚಿನವಳು ತಿರುಗಿ ಅವನನ್ನ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು: “ಎಲ್ಲಾ ಕಡೆ ಒಂದೇ ಸಮ ಬೆಚ್ಚಗಾದ್ರೆ ಯಾವ್ ಕಡೆಯಿಂದ ಯಾವ್ ಕಡೆಗೆ ಹೋಗ್ಬೇಕು ಅಂತನೇ ಇರಲ್ವಲ್ಲ ಸಾ.” ಇದನ್ನ ನಾನು ಬಿಎಸ್ಸಿಲಿ ಥರ್ಮೋಡೈನಮಿಕ್ಸ್ ಓದಿ ಪಾಸ್ ಮಾಡಿದವನು, ಇಷ್ಟು ನೇರವಾಗಿ ಹೇಳೋಕೆ ಬಂದಿರಲಿಲ್ಲ.

ರೂಪ ಬಿಟ್ಟು ಕಣಜ ಹಿಡಿದಿದ್ದು

ರಾಗಿ ಮಾತು ಸಿಕ್ಕಮೇಲೆ ನಾನು ಭಾಷೆನೇ ಬದಲಾಯಿಸಿದೆ. ಇಂಗ್ಲೆಂಡಿನ ಶಾಲೆಗಳಲ್ಲಿ 2016ರಲ್ಲಿ ಶುರುವಾದ ಹೊಸ ಜಿಸಿಎಸ್ಇ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಸೈನ್ಸಲ್ಲಿ ಶಕ್ತಿಯ ‘ರೂಪ’ ಅನ್ನೋದನ್ನ ಹಿಂದಕ್ಕೆ ಸರಿಸಿ ಶಕ್ತಿಯ ಸ್ಟೋರು, ಮತ್ತೆ ಒಂದು ಸ್ಟೋರಿಂದ ಇನ್ನೊಂದಕ್ಕೆ ಹೋಗೋ ದಾರಿ ಅಂತ ಪಾಠ ಮಾಡ್ತಾರೆ. ಎತ್ತರದಲ್ಲಿರೋ ನೀರು, ಎಳೆದ ರಬ್ಬರು, ಓಡ್ತಿರೋ ಗಾಡಿ, ಬಿಸಿ ವಸ್ತು, ಸೌದೆ ಮತ್ತು ಗಾಳಿಯ ಆಮ್ಲಜನಕ, ಪರಮಾಣುವಿನ ನ್ಯೂಕ್ಲಿಯಸ್ಸು, ಇವೆಲ್ಲ ಸ್ಟೋರು. ಕರೆಂಟು, ಬೆಳಕು, ಶಬ್ದ, ತಳ್ಳೋದು, ಕಾಯಿಸೋದು, ಇವು ದಾರಿ. ನಾನು ಸ್ಟೋರಿಗೆ ‘ಕಣಜ’ ಅಂದೆ. ನಮ್ಮ ಕಡೆ ರಾಗಿ ಹಗೇವು ನೋಡಿದ ಅಜ್ಜಂದಿರು ಇನ್ನೂ ಇದಾರೆ, ಮಕ್ಕಳಿಗೆ ಪದ ಹೊಸದಲ್ಲ.

ಇದರಿಂದ ಒಂದು ದೊಡ್ಡ ಗಂಟು ಬಿಚ್ಚಿತು. ಹಳೆ ಬಾಣದ ಚಿತ್ರದಲ್ಲಿ ‘ವಿದ್ಯುತ್ ಶಕ್ತಿ’ ಒಂದು ನಿಲ್ದಾಣ ಥರ ಇತ್ತು, ಅದಕ್ಕೇ ಆಫ್ ಮಾಡಿದ್ಮೇಲೆ ಸ್ವಿಚ್ ಒಳಗೆ ಕೂತಿರುತ್ತೆ ಅಂತ ಅಂದ್ಕೊಂಡಿದ್ದು. ಕರೆಂಟು ಕಣಜ ಅಲ್ಲ, ಮೂಟೆ ಹೊರೋ ಗಾಡಿ, ಮೊಬೈಲ್ ಬ್ಯಾಟರಿಲಿ ತುಂಬಿರೋದೂ ಕರೆಂಟಲ್ಲ, ರಾಸಾಯನಿಕ ಕಣಜ. ಮತ್ತೆ ‘ಉಳಿಸಿ’ ಅನ್ನೋದಕ್ಕೂ ಅರ್ಥ ಬಂತು. ಒಟ್ಟು ಲೆಕ್ಕ ಯಾವಾಗ್ಲೂ ತಾಳೆ ಆಗುತ್ತೆ, ಅದನ್ನ ನಾವೇನೂ ಉಳಿಸಬೇಕಾಗಿಲ್ಲ. ಒಂದೇ ಕಡೆ ತುಂಬಿಟ್ಟಿರೋ, ಬೇಕಾದಾಗ ತೆಗೆಯೋಕೆ ಆಗೋ ಕಣಜಗಳು ಕಮ್ಮಿ, ಅವು ಚೆಲ್ಲೋಗ್ತಿವೆ.

ಅಲ್ಲಿಂದ ಮೀಟರಿನ ಹಿಂದಕ್ಕೆ ಹೋದ್ವಿ, ಒಂದು ಯೂನಿಟ್ ಎಲ್ಲಿಂದ ಬಂತು ಅಂತ. ಜೋಗದ ಎತ್ತರ 253 ಮೀಟರ್, ಅಷ್ಟು ಎತ್ತರದಿಂದ ಸಾವಿರ ಲೀಟರ್ ನೀರು ಇಳಿದ್ರೆ 24 ಲಕ್ಷ 80 ಸಾವಿರ ಜೂಲ್, ಅಂದ್ರೆ ಒಂದು ಚೂರೂ ಸೋರದೆ ಟರ್ಬೈನ್ ತಿರುಗಿಸಿದ್ರೂ ಒಂದು ಯೂನಿಟ್ಟಿಗೆ 1450 ಲೀಟರ್ ಬೇಕು. ಮಕ್ಕಳು ಇದನ್ನ ನಂಬಲಿಲ್ಲ, ಮೂರು ಸಲ ಲೆಕ್ಕ ಮಾಡಿದ್ರು. (ಪವರ್ ಹೌಸಿಗೆ ನೀರು ಹೋಗೋದು ಜಲಪಾತದಿಂದಲ್ಲ, ಪೈಪಿಂದ, ಇದನ್ನ ಹೇಳಲೇಬೇಕು, ಇಲ್ಲಾಂದ್ರೆ ಜೋಗದ ಕೆಳಗೆ ಟರ್ಬೈನ್ ಬರೆದು ಬಿಡ್ತಾರೆ.) ರಾಯಚೂರಿನ ಶಾಖೋತ್ಪನ್ನ ಘಟಕ 1720 ಮೆಗಾವ್ಯಾಟಿಂದು, ಅಂಥ ಕಡೆ ಒಂದು ಯೂನಿಟ್ಟಿಗೆ ಅರ್ಧದಿಂದ ಮುಕ್ಕಾಲು ಕೆಜಿ ಕಲ್ಲಿದ್ದಲು, ಅದರ ಬಿಸಿಯಲ್ಲಿ ಮೂರರಲ್ಲಿ ಒಂದು ಪಾಲು ಕರೆಂಟಾಗಿ ಹೊರಡುತ್ತೆ, ಎರಡು ಪಾಲು ಕೂಲಿಂಗ್ ಟವರು, ಚಿಮಣಿ ಅಂತ ಅಲ್ಲೇ ಚೆಲ್ಲುತ್ತೆ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದಿನ ಕಾಡು. ಆ ಕಣಜ ಮತ್ತೆ ತುಂಬೋಕೆ ಯಾರೂ ಕಾಯೋಕಾಗಲ್ಲ.

ಪಾವಗಡದ 2050 ಮೆಗಾವ್ಯಾಟ್ ಬಂದಾಗ ಗೃಹಜ್ಯೋತಿ ಹುಡುಗ ಜೋರಾದ, “ಬಿಸಿಲು ಮುಗಿಯಲ್ಲ ಸಾ, ನಮ್ಮ ಮಾವನ ಹೊಲದಲ್ಲೇ ಐತೆ.” ಸರಿ, ಸಂಜೆ ಏಳು ಗಂಟೆಗೆ? ಅವನು ತಲೆ ಕೆರ್ಕೊಂಡ. ಬಿಸಿಲು ದಾರಿ ಕಣಪ್ಪ, ಇಲ್ಲಿ ಅದಕ್ಕೆ ಕಣಜ ಬೇರೆ ಕಟ್ಟಬೇಕು.

ಸರಿಹೋಗದೇ ಇದ್ದದ್ದು

ಎಲ್ಲಾ ಸುಸೂತ್ರ ಆಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಕಣಜ ಅಂದ ತಕ್ಷಣ ಕೆಲವರು ಶಕ್ತಿ ಅನ್ನೋದೇ ರಾಗಿ ಥರ ಒಂದು ಪದಾರ್ಥ ಅಂತ ಹಿಡ್ಕೊಂಡುಬಿಟ್ರು. ಒಬ್ಬ ಟೆಸ್ಟಲ್ಲಿ ‘ಶಕ್ತಿಯು ಅತಿ ಸಣ್ಣ ಕಾಳುಗಳಿಂದ ಆಗಿದೆ’ ಅಂತ ಬರೆದಿದ್ದ, ತಪ್ಪು ನಂದೇ, ರಾಗಿನ ಅತಿಯಾಗಿ ಎಳೆದೆ. ಆಮೇಲೆ ಬ್ಯಾಂಕ್ ಪಾಸ್‌ಬುಕ್ ಅಂದೆ, ಅಕೌಂಟಿಂದ ಅಕೌಂಟಿಗೆ ನಂಬರ್ ಬದಲಾಗುತ್ತೆ, ಸಾಮಾನು ಏನೂ ಓಡಾಡಲ್ಲ. ಇದು ಲೆಕ್ಕಕ್ಕೆ ಚೆನ್ನಾಗಿ ಕೂರುತ್ತೆ, ಆದ್ರೆ ಚೆಲ್ಲೋದನ್ನ ತೋರಿಸಲ್ಲ. ಈಗ ಎರಡನ್ನೂ ಬಳಸಿ, ಎರಡೂ ಎಲ್ಲಿ ಸೋಲ್ತವೆ ಅಂತ ಅವರ ಬಾಯಲ್ಲೇ ಹೇಳಿಸ್ತೀನಿ.

ಪರೀಕ್ಷೆ ಇನ್ನೊಂದು ತೊಡಕು. ಪ್ರಶ್ನೆಪತ್ರಿಕೆಗೆ ‘ರೂಪ’ ಅನ್ನೋ ಪದನೇ ಬೇಕು. ಹೋರಾಟಕ್ಕೆ ನಿಲ್ಲಲಿಲ್ಲ, ಪೇಪರಲ್ಲಿ ರೂಪ ಅಂತಲೇ ಬರೀರಿ, ತಲೇಲಿ ಕಣಜ ಇಟ್ಕೊಳ್ಳಿ ಅಂದೆ. ಇದಕ್ಕೆ ನನ್ನ ಜೊತೆಯ ಒಬ್ಬ ಮೇಡಂ ಒಪ್ಪಲ್ಲ, ಎರಡೆರಡು ಭಾಷೆ ಯಾಕೆ ಮಕ್ಕಳ ತಲೆ ಮೇಲೆ ಅಂತಾರೆ. ಅವರ ಮಾತಲ್ಲೂ ಹುರುಳಿದೆ.

ಮೂರು ತಿಂಗಳು ಬಿಟ್ಟು ಮತ್ತೆ ಚೀಟಿ ಕೊಟ್ಟೆ, ಪ್ರಶ್ನೆ ಬದಲಾಯಿಸಿ, ಯಾಕಂದ್ರೆ ಫ್ಯಾನಿಂದೇ ಕೇಳಿದ್ರೆ ಬಾಯಿಪಾಠ ಬರುತ್ತೆ. ಶರಾವತಿಯಲ್ಲಿ ಪಂಪ್ಡ್ ಸ್ಟೋರೇಜ್ ಅಂತ 2000 ಮೆಗಾವ್ಯಾಟಿನ ಯೋಜನೆ ಪ್ರಸ್ತಾಪ ಇದೆಯಲ್ಲ, ಕೆಳಗಿನ ಜಲಾಶಯದ ನೀರನ್ನ ಮೇಲಕ್ಕೆತ್ತಿ ಬೇಕಾದಾಗ ಬಿಡೋದು. ಕಾಡಿನ ವಿಷಯಕ್ಕೆ ಅದರ ಮೇಲೆ ವಿರೋಧನೂ ಇದೆ, ಅದು ಬೇರೆ ಚರ್ಚೆ. ನಾನು ಕೇಳಿದ್ದು, ಇದರಿಂದ ಒಟ್ಟು ಕರೆಂಟ್ ಹೆಚ್ಚಾಗುತ್ತಾ? ಒಂದು ಮೂರನೇ ಒಂದು ಭಾಗ ‘ಹೌದು, ನೀರು ಮತ್ತೆ ಮತ್ತೆ ಬಳಸ್ತಾರೆ’ ಅಂತಲೇ ಬರೆದಿದ್ರು, ಅಂದ್ರೆ ಅವರಿಗೆ ನನ್ನ ಪಾಠ ಮುಟ್ಟಿಲ್ಲ. ಮಿಕ್ಕವರು ಕಮ್ಮಿ ಆಗುತ್ತೆ ಅಂದಿದ್ರು, ಕಾರಣ ಸರಿಯಾಗಿ ಕೊಟ್ಟವರು ಅರ್ಧ. ಒಂದು ಚೀಟಿ ಹಿಂಗಿತ್ತು: ‘ಎತ್ತೋಕೆ ಹಾಕಿದಷ್ಟು ವಾಪಸ್ ಬರಲ್ಲ. ಆದ್ರೂ ಮಾಡ್ತಾರೆ, ಯಾಕಂದ್ರೆ ಬಿಸಿಲಿಗೆ ಕಣಜ ಇಲ್ಲ, ನೀರಿಗೆ ಇದೆ.’ ಹೆಸರಿಲ್ಲದ ಚೀಟಿ, ಆದ್ರೆ ಅಕ್ಷರ ಗುರುತು ಸಿಕ್ಕಿತು.

ಅವಳು ಆ ಮಧ್ಯೆ ಮನೆಯ ಹಂಡೆ ಒಲೆನೂ ಅಳೆದು ಬಂದಿದ್ಳು, ನಾನು ಹೇಳಿರಲಿಲ್ಲ. ಅಂಗಡಿ ತಕ್ಕಡಿಲಿ ಸೌದೆ ತೂಗಿ ಎರಡೂವರೆ ಕೆಜಿ, ನೀರು ಮೂವತ್ತು ಲೀಟರ್, ಶಾಲೆ ಥರ್ಮಾಮೀಟರ್ ಕೇಳಿ ಒಯ್ದು 24ರಿಂದ 60 ಡಿಗ್ರಿ. ನೀರಿಗೆ ಸೇರಿದ್ದು 45 ಲಕ್ಷ ಜೂಲ್. ಒಣ ಸೌದೆಗೆ ಕೆಜಿಗೆ ಒಂದೂವರೆ ಕೋಟಿ ಜೂಲ್ ಅಂತ ಹಿಡಿದ್ರೆ ನೂರಕ್ಕೆ ಹನ್ನೆರಡು ಪಾಲು ಮಾತ್ರ ನೀರಿಗೆ ಹೋಗಿದೆ. ಬೆಂಗಳೂರಿನ ಐಐಎಸ್ಸಿಯವರು ಕಮ್ಮಿ ಸೌದೆಲಿ ಉರಿಯೋ ಅಸ್ತ್ರ ಒಲೆ ಅಂತ ಯಾಕೆ ಮಾಡಿದ್ರು ಅನ್ನೋದನ್ನ ಹೇಳೋಕೆ ನನಗೆ ಇದಕ್ಕಿಂತ ಒಳ್ಳೆ ಪೀಠಿಕೆ ಸಿಕ್ಕಿರಲಿಲ್ಲ. ಅವಳ ಅಜ್ಜಿ ಮಾತ್ರ, “ಸೌದೆ ತೂಗಿ ಸ್ನಾನ ಮಾಡಿದ್ದು ನಮ್ಮ ವಂಶದಲ್ಲೇ ನೀನೇ ಮೊದಲು” ಅಂದ್ರಂತೆ.

ಈ ವರ್ಷದ ಬ್ಯಾಚಿಗೆ ನಾನು ನಿಯಮದಿಂದ ಶುರು ಮಾಡಲಿಲ್ಲ, ಚೀಟಿಯಿಂದ ಶುರು ಮಾಡ್ದೆ, ಆಮೇಲೆ ಪೈಪು, ಆಮೇಲೆ ಮೀಟರು, ನಿಯಮ ಕೊನೆಗೆ. ಮಾಡೋರು ಪೈಪಿನ ಎಂಡ್ ಕ್ಯಾಪಿಗೆ ಸಲ್ಯೂಷನ್ ಹಾಕಿ ಒಂದು ರಾತ್ರಿ ಒಣಗೋಕೆ ಬಿಡಿ, ಥರ್ಮಾಮೀಟರಿಗೆ ಪಕ್ಕದಲ್ಲಿ ತೂತು ಕೊರೆದು ಬಿರಡೆ ಹಾಕ್ಕೊಳ್ಳಿ. ನಾನು ಅವಸರದಲ್ಲಿ ಟೇಪ್ ಸುತ್ತಿದ್ದೆ, ಅರವತ್ತನೇ ಸಲಕ್ಕೆ ಕ್ಯಾಪ್ ಹಾರಿ ಬಾಲ್ಸೆಲ್ಲ ವರಾಂಡ ಪೂರ್ತಿ ಹರಡ್ಕೊಂಡು, ಇಡೀ ಕ್ಲಾಸ್ ಮಂಡಿಯೂರಿ ಆರಿಸಿತು. ಇನ್ನೂ ಹನ್ನೊಂದು ಸಿಕ್ಕಿಲ್ಲ.